ಬಲಗಣ್ಣಿಗೆ ಕಾಣದ ಬಲತಟ್ಟೆ

ಔಷಧದಂಗಡಿಯ ಯಜಮಾನರು ಗಾಜಿನ ಮೇಜಿನ ಮೇಲೆ ಪುಟ್ಟ ಕಾಗದದ ಪೊಟ್ಟಣವನ್ನಿಟ್ಟು, ಒಂದೇ ಬೆರಳಿನಿಂದ ಅದನ್ನು ಮುಳ್ಳಕ್ಕನ ಕಡೆಗೆ ತಳ್ಳಿದರು.

"ನಿಮ್ಮದೇ ಅಲ್ವಾ, ನೋಡಿ ಅಕ್ಕ."

ಬಿಡಿಸಿದರೆ ಒಳಗೆ ಇನ್ನೂರು ಮಿಲಿಗ್ರಾಂನ ತೂಕದ ಬಿಲ್ಲೆ. ಕಿರುಬೆರಳ ಉಗುರಿನಷ್ಟು ತಗಡು. ಚಿಮಟಕ್ಕೆ ಸಿಗಲೆಂದು ಒಂದು ಮೂಲೆ ಮೇಲಕ್ಕೆ ಮಡಚಿದೆ. ಅಪ್ಪನ ಕಾಲದ ಪೆಟ್ಟಿಗೆಯದು. ಮುಳ್ಳಕ್ಕ ಅದನ್ನು ಕತ್ತಲಲ್ಲಿ ಮುಟ್ಟಿಯೂ ಗುರುತಿಸಬಲ್ಲಳು.

"ಎಲ್ಲಿ ಸಿಕ್ತು?"

"ಬಲಗಡೆ ತಟ್ಟೇಲಿ. ನಿನ್ನೆ ನೀವು ತಕ್ಕಡಿ ಸರಿಮಾಡಿ ಹೋದ್ರಲ್ಲ, ಇವತ್ತು ಬೆಳಿಗ್ಗೆ ತಟ್ಟೆ ಒರೆಸೋಕೆ ಹೋದೆ, ಇದು ಕೂತಿದೆ. ತೆಗೆದೆ. ತೆಗೆದ ತಕ್ಷಣ ಮುಳ್ಳು ಒಂದು ಕಡೆ ವಾಲಿಬಿಡ್ತು."

ಮುಳ್ಳಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಟ್ಟೆಯಲ್ಲಿ ಬಿಲ್ಲೆ ಇರುವಾಗಲೇ ತಾನು ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ್ದೇನೆ. ಅಂದರೆ ಒರೆಸುವಾಗ ಬಿಲ್ಲೆ ಯಜಮಾನರ ಕಣ್ಣಿಗೆ ಬೀಳದೆ ಜಾರಿಹೋಗಿದ್ದರೆ, ಬಲತಟ್ಟೆಯಲ್ಲಿ ಹಾಕಿ ತೂಗುವ ಪ್ರತಿಯೊಂದು ಪುಡಿಯೂ ಇನ್ನೂರು ಮಿಲಿಗ್ರಾಂ ಹೆಚ್ಚು. ಇಲ್ಲಿ ತೂಗುವುದರಲ್ಲಿ ಅರ್ಧದಷ್ಟು ಎಳೆಮಕ್ಕಳ ಔಷಧ.

"ಇಪ್ಪತ್ತನಾಲ್ಕು ವರ್ಷದಲ್ಲಿ ನೀವು ಮಾಡಿದ್ದು ಒಂದೇ ತಪ್ಪು. ಅದೂ ನಮ್ಮಂಗಡೀಲೇ ಆಗಬೇಕಾ?" ಎಂದು ಯಜಮಾನರು ನಗಲು ನೋಡಿದರು. ಅವಳ ಮುಖ ಕಂಡು ಅರ್ಧಕ್ಕೇ ನಿಲ್ಲಿಸಿದರು.

ಅವಳ ನಿಜವಾದ ಹೆಸರು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತೋ. ತಕ್ಕಡಿಯ ಮುಳ್ಳನ್ನು ನೋಡಿಕೊಂಡೇ ವಯಸ್ಸು ನಲವತ್ತಾರು ದಾಟಿದ್ದರಿಂದ ಮುಳ್ಳಕ್ಕ. ಔಷಧದಂಗಡಿ, ಅಕ್ಕಸಾಲಿಗರ ಅಂಗಡಿ, ಕಾಲೇಜಿನ ರಸಾಯನ ಪ್ರಯೋಗಾಲಯ ಎಂದು ಸುತ್ತಿ, ಸೂಕ್ಷ್ಮ ತಕ್ಕಡಿಗಳನ್ನು ಬಿಚ್ಚಿ, ಒರೆಸಿ, ಸರಿಪಡಿಸಿ ಕೊಡುವುದು ಕಸುಬು. ಅಪ್ಪ ಕಲಿಸಿದ ಕ್ರಮವೊಂದಿತ್ತು. ಮುಳ್ಳನ್ನು ಓದುವಾಗ ಎಡಗಣ್ಣು ಮುಚ್ಚಬೇಕು. ಎರಡೂ ಕಣ್ಣು ತೆರೆದರೆ ಮುಳ್ಳಿಗೂ ಅದರ ಹಿಂದಿನ ಗೆರೆಗೂ ಹೊಂದಿಕೆ ತಪ್ಪುತ್ತದೆ. ಬಲಗಣ್ಣನ್ನು ಮುಳ್ಳಿನ ಮೇಲಿಂದ ಕದಲಿಸಬಾರದು. ಎರಡು ತಟ್ಟೆಗಳನ್ನು ಕಣ್ಣಂಚಿನಲ್ಲೇ ಕಾಯಬೇಕು. "ತಲೆ ಅಲ್ಲಾಡಿಸಿದರೆ ಉಸಿರು ತಾಗುತ್ತೆ, ಉಸಿರು ತಾಗಿದರೆ ಮುಳ್ಳು ಸುಳ್ಳು ಹೇಳುತ್ತೆ" ಎನ್ನುತ್ತಿದ್ದರು ಅಪ್ಪ.

ಅವಳು ಸ್ಟೂಲು ಎಳೆದುಕೊಂಡು ತಕ್ಕಡಿಯ ಮುಂದೆ ಕುಳಿತಳು. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಮುಳ್ಳಿನ ತುದಿಗೆ ನೆಟ್ಟಳು. ಎಡತಟ್ಟೆ ಅದರ ಜಾಗದಲ್ಲಿ ಮಸುಕಾಗಿ ಹೊಳೆಯುತ್ತಿತ್ತು.

ಬಲತಟ್ಟೆ ಇರಲಿಲ್ಲ.

ಅಲ್ಲಿ ಕತ್ತಲೆಯಿರಲಿಲ್ಲ, ಕಪ್ಪು ಕಲೆಯಿರಲಿಲ್ಲ, ಮಂಜೂ ಇರಲಿಲ್ಲ. ನಮ್ಮ ಬೆನ್ನ ಹಿಂದಿನದು ನಮಗೆ ಹೇಗೆ ಕಪ್ಪಾಗಿ ಕಾಣದೆ, ಸುಮ್ಮನೆ ಕಾಣುವುದೇ ಇಲ್ಲವೋ, ಹಾಗೆ. ಬಲಗೈಯನ್ನು ಆ ಕಡೆಯಿಂದ ಮೆಲ್ಲಗೆ ತಂದಳು. ಬೆರಳು ಮುಳ್ಳಿನ ಹತ್ತಿರ ಬಂದ ಮೇಲೆ, ಎಲ್ಲಿಂದಲೋ ಹುಟ್ಟಿದಂತೆ ಕಾಣಿಸಿತು.

ತಿರುಪನ್ನು ತಲೆ ತಿರುಗಿಸಿ ತಿರುಗಿಸಿ ನೋಡಿ ಸರಿಮಾಡಿದಳು. ಯಜಮಾನರ ಕೈಯಿಂದಲೇ ಮೂರು ಸಲ ಪರೀಕ್ಷೆ ಮಾಡಿಸಿದಳು. ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟು ನೆಟ್ಟಗೆ ಮನೆಯ ದಾರಿ ಹಿಡಿದಳು.

ಗಂಡ ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅವಳು ಒಳಬಂದ ರಭಸಕ್ಕೆ ಬಲಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವನು ಉಜ್ಜುಗೊರಡು ನಿಲ್ಲಿಸದೆ, "ಇವತ್ತಿನ ಲೆಕ್ಕಕ್ಕೆ ಇದು ಎರಡನೇದು" ಎಂದ.

ಆರು ತಿಂಗಳಿಂದ ಇದೇ ಹಾಡು. ಒಮ್ಮೆ ಎಡಭುಜ, ಒಮ್ಮೆ ಬಲ. ಚೌಕಟ್ಟು ಕುಗ್ಗಿದೆಯೋ ಹೆಂಡತಿ ಹಿಗ್ಗಿದ್ದಾಳೋ ನೋಡೇಬಿಡೋಣ ಎಂದು ಅವನು ಒಂದು ದಿನ ಅಳತೆಪಟ್ಟಿ ಹಿಡಿದು ಚೌಕಟ್ಟನ್ನು ಅಳೆದೂ ಇದ್ದ. ಅದು ಇದ್ದಷ್ಟೇ ಇತ್ತು. ಮರುದಿನ ಏನೂ ಹೇಳದೆ ಎರಡೂ ಕಡೆಗೆ ರಬ್ಬರಿನ ಪಟ್ಟಿ ಹೊಡೆದ.

ಬೇರೆಯವೂ ಇದ್ದವು. ಸುಮ್ಮಸುಮ್ಮನೆ ಸುಸ್ತು. ಬಿಸಿಲಲ್ಲೂ ಚಳಿ. ಹಣೆಯ ಹಿಂದೆ ಮೊಳೆ ಹೊಡೆದಂಥ ನೋವು. ಮುಟ್ಟು ನಿಂತು ಒಂಬತ್ತು ತಿಂಗಳು. ಬೀದಿ ತುದಿಯ ಡಾಕ್ಟರು, "ವಯಸ್ಸಮ್ಮಾ, ಇನ್ನೇನು" ಎಂದಿದ್ದರು. ಕನ್ನಡಕದಂಗಡಿಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿ, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎನ್ನಿಸಿಕೊಂಡು ಬಂದಿದ್ದಳು. ಎಲ್ಲದಕ್ಕೂ ಒಂದೊಂದು ಸಮಾಧಾನ ಸಿಕ್ಕಿತ್ತು. ಸೇರಿಸಿ ತೂಗಿದವರಿರಲಿಲ್ಲ.

"ರೀ, ಕೆಲಸ ನಿಲ್ಲಿಸಿ. ಎರಡು ತಟ್ಟೆ, ಒಂದು ಚಮಚ ತಗೊಂಡು ಬನ್ನಿ."

"ಊಟಕ್ಕಾ?"

"ಪರೀಕ್ಷೆಗೆ."

ಅವಳ ದನಿ ಕೇಳಿ ಅವನು ಉಜ್ಜುಗೊರಡನ್ನು ಕೆಳಗಿಟ್ಟ. ಮೇಜಿನ ನಡುವೆ ಒಂದು ಪೆನ್ಸಿಲು ನಿಲ್ಲಿಸಿ, ಅದರ ಎಡಕ್ಕೂ ಬಲಕ್ಕೂ ತಟ್ಟೆ ಇಟ್ಟರು. ಅವಳು ಪೆನ್ಸಿಲಿನ ಮೇಲೆ ದೃಷ್ಟಿ ನೆಟ್ಟಳು. ಅವನು ಸದ್ದಾಗದಂತೆ ಯಾವುದಾದರೂ ಒಂದು ತಟ್ಟೆಯ ಮೇಲೆ ಚಮಚ ಹಿಡಿಯಬೇಕು, ಅವಳು ಹೇಳಬೇಕು. ಒಂದೊಂದು ಕಣ್ಣಿಗೂ ಇಪ್ಪತ್ತು ಸಲ. ಅವನು ಹಲಗೆಯ ಚೂರಿನ ಮೇಲೆ ಗೆರೆ ಎಳೆಯುತ್ತ ಹೋದ.

ಬಲಗಣ್ಣಿಗೆ ಎಡತಟ್ಟೆಯ ಚಮಚ ಒಂದೂ ತಪ್ಪಲಿಲ್ಲ. ಬಲತಟ್ಟೆಯದು ಒಂದೂ ಕಾಣಲಿಲ್ಲ. ಒಂದು ಕಣ್ಣು ಕೆಟ್ಟಿದೆ ಅಷ್ಟೆ ಎಂದು ಅವಳಿಗೆ ಸ್ವಲ್ಪ ಧೈರ್ಯ ಬಂತು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಈಗ ಬಲತಟ್ಟೆ ಕಂಡಿತು. ಎಡತಟ್ಟೆ ಇರಲಿಲ್ಲ.

"ಎರಡೂ ತೆರೆದರೆ?" ಎಂದ ಗಂಡ.

"ಎರಡೂ ತೆರೆದರೆ ಎರಡೂ ಕಾಣುತ್ತೆ. ಒಂದರ ಕೊರತೇನ ಇನ್ನೊಂದು ಮುಚ್ಚಿಹಾಕ್ತಿದೆ. ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಒಂದೇ ಕಣ್ಣಲ್ಲಿ ಕೂತಾಗಲೂ ಕಪ್ಪಾಗಿ ಕಂಡಿದ್ರೆ ತಾನೆ ಎಚ್ಚರ ಆಗೋದು." ಸ್ವಲ್ಪ ತಡೆದು ಸೇರಿಸಿದಳು: "ತೀರಾ ಪಕ್ಕದ್ದು ಮಾತ್ರ ಯಾವುದಕ್ಕೂ ಕಾಣಲ್ಲ. ನಿಮ್ಮ ಚೌಕಟ್ಟು."

ಅವನು ತಲೆಯೆತ್ತಿ ಬಾಗಿಲಿನ ರಬ್ಬರು ಪಟ್ಟಿಯನ್ನು ನೋಡಿದ.

ಆಸ್ಪತ್ರೆಯ ಕಣ್ಣು ವಿಭಾಗದ ಡಾಕ್ಟರು ಹಲಗೆಯ ಚೂರನ್ನು ಕಂಡು ಮೊದಲು ಮುಗುಳ್ನಕ್ಕರು. ಓದುತ್ತಾ ಹೋದಂತೆ ನಗೆ ಇಳಿಯಿತು. ಯಂತ್ರದಲ್ಲಿ ಅವಳ ಗಲ್ಲವಿರಿಸಿ, ಮಿಣುಕುವ ಚುಕ್ಕೆಗಳನ್ನು ತೋರಿಸಿ, ಎರಡು ಚಿತ್ರ ಮುದ್ರಿಸಿಕೊಂಡರು. ಎರಡರಲ್ಲೂ ಹೊರಗಿನ ಅರ್ಧ ಕಪ್ಪು.

"ತೊಂದರೆ ಕಣ್ಣಿನಲ್ಲಿ ಇಲ್ಲಮ್ಮ. ಎರಡೂ ಕಣ್ಣಿನ ನರಗಳು ಹಿಂದೆ ಹೋಗಿ ಒಂದು ಕಡೆ ಸೇರ್ತವೆ. ಹೊರಮಗ್ಗುಲನ್ನು ನೋಡೋ ಎಳೆಗಳು ಅಲ್ಲಿ ಒಂದನ್ನೊಂದು ದಾಟ್ತವೆ. ಎರಡೂ ಕಣ್ಣಿಗೆ ಹೊರಗಡೆಯ ನೋಟವೇ ಹೋಗಬೇಕು ಅಂದ್ರೆ ಒತ್ತಡ ಬೀಳಬೇಕಾದದ್ದು ಆ ಒಂದೇ ಜಾಗದಲ್ಲಿ. ಅದರ ಕೆಳಗೇ ಪಿಟ್ಯುಟರಿ ಗ್ರಂಥಿ ಇರೋದು. ನಾಳೆ ಅಂತ ಮುಂದೂಡಬೇಡಿ, ಇವತ್ತೇ ಸ್ಕ್ಯಾನ್ ಮಾಡಿಸಿ."

ಎಂಆರ್‌ಐ ಚಿತ್ರದಲ್ಲಿ ದ್ರಾಕ್ಷಿಯಷ್ಟು ಗಾತ್ರದ ಚೀಲವೊಂದು ಕಂಡಿತು. ಮಿದುಳು ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ತುಸು ಗಿಡ್ಡಗಿನ, ಅವಸರವಿಲ್ಲದ ಹೆಂಗಸು. ಚಿತ್ರವನ್ನು ಬಹಳ ಹೊತ್ತು ನೋಡಿ, "ಸಿಟಿ ಸ್ಕ್ಯಾನೂ ಬೇಕು" ಎಂದರು.

"ಒಂದು ಆಯ್ತಲ್ಲ ಡಾಕ್ಟ್ರೇ?"

"ಇದು ನೀರನ್ನ, ಮಾಂಸವನ್ನ ಚೆನ್ನಾಗಿ ತೋರಿಸುತ್ತೆ. ಸುಣ್ಣದ ವಿಷಯದಲ್ಲಿ ಇದರ ಸಾಕ್ಷಿ ನಂಬೋಕಾಗಲ್ಲ. ಈ ಚೀಲದ ಅಂಚು ಯಾಕೋ ಅನುಮಾನ ತರಿಸ್ತಿದೆ."

ಒಂದು ತೂಕವನ್ನು ಎರಡು ತಕ್ಕಡಿಯಲ್ಲಿ ನೋಡುವವರ ಮೇಲೆ ಮುಳ್ಳಕ್ಕನಿಗೆ ನಂಬಿಕೆ ಜಾಸ್ತಿ.

ಅನುಮಾನ ನಿಜವಾಗಿತ್ತು. ಸಿಟಿಯಲ್ಲಿ ಚೀಲದ ಸುತ್ತ ಮೊಟ್ಟೆಯ ಚಿಪ್ಪಿನಂಥ ಬಿಳಿಯ ಗೆರೆ. ಚೀಲ ಸುಣ್ಣಗಟ್ಟಿತ್ತು. ರಕ್ತದ ವರದಿಯೂ ಬಂತು: ಕಡಲೆಕಾಳಿನಷ್ಟಿರುವ ಗ್ರಂಥಿ ಚೀಲದ ಕೆಳಗೆ ನಜ್ಜಿಹೋಗಿ, ಕಳಿಸಬೇಕಾದ ರಸಗಳಲ್ಲಿ ಅರ್ಧವನ್ನೂ ಕಳಿಸುತ್ತಿರಲಿಲ್ಲ. ಸುಸ್ತು, ಚಳಿ, ನಿಂತ ಮುಟ್ಟು ಎಲ್ಲವೂ ಅದೇ ಖಾತೆಯವು. ಎರಡು ಬಗೆಯ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, "ಸ್ಟಿರಾಯ್ಡ್ ಇವತ್ತಿನಿಂದ. ಥೈರಾಯ್ಡಿನ ಮಾತ್ರೆ ನಾನು ಹೇಳಿದ ಮೇಲೆ. ಹಿಂದುಮುಂದಾದರೆ ಜೀವಕ್ಕೇ ಅಪಾಯ" ಎಂದು ಎರಡು ಸಲ ಹೇಳಿದರು.

"ಇದು ಏನು ಗಡ್ಡೆ?" ಗಂಡ ಕೇಳಿದ.

"ಎರಡರಲ್ಲಿ ಒಂದು. ಹುಟ್ಟೋಕೆ ಮುಂಚೆ ಮುಚ್ಚಿಕೊಳ್ಳದೆ ಉಳಿದುಹೋದ ಒಂದು ಸಂದಿ ಮೆಲ್ಲಗೆ ತುಂಬಿಕೊಂಡು ಆದ ಸಾದಾ ಚೀಲ ಇರಬಹುದು. ಅದು ಸುಣ್ಣಗಟ್ಟೋದು ಅಪರೂಪ, ಆದರೂ ಉಂಟು. ಇನ್ನೊಂದು ಮತ್ತೆ ಮತ್ತೆ ಬೆಳೆಯೋ ಜಾತಿ. ಅದು ಸುಣ್ಣಗಟ್ಟೋದು ಮಾಮೂಲು. ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋವರೆಗೂ ಖಚಿತವಾಗಿ ಹೇಳಲಾರೆ."

ತೆಗೆಯುವುದು ಮೂಗಿನ ದಾರಿಯಿಂದ. ಸಣ್ಣ ಕ್ಯಾಮೆರಾ ಕೊಳವೆ ಒಳಬಿಟ್ಟು, ಮೂಗಿನ ಹಿಂದಿನ ತೆಳು ಎಲುಬನ್ನು ಕೊರೆದು, ಚೀಲವನ್ನು ಬಿಚ್ಚಿ ಒಳಗಿನದನ್ನು ಹೀರುವುದು. ಮೆತ್ತನೆಯ ಚೀಲವಾದರೆ ಅಷ್ಟಕ್ಕೇ ಕುಸಿದು ಕೂರುತ್ತದೆ. ಇದು ಚಿಪ್ಪು. ಬರಿದಾದರೂ ನಿಂತೇ ಇರುತ್ತದೆ, ನರವನ್ನು ಒತ್ತುತ್ತಲೇ ಇರುತ್ತದೆ. ಚೂರುಚೂರಾಗಿ ಒಡೆದು ತೆಗೆಯಬೇಕು.

"ಪೂರ್ತಿ ತೆಗೀತೀರಿ ತಾನೆ?" ಎಂದಳು ಮುಳ್ಳಕ್ಕ.

"ಬಂದಷ್ಟು. ಎಡನರದ ಕೆಳಗೆ ಚಿಪ್ಪು ಅಂಟಿಕೊಂಡ ಹಾಗೆ ಕಾಣ್ತಿದೆ. ಅಂಟಿದ್ದರೆ ಆ ಚೂರನ್ನ ಅಲ್ಲೇ ಬಿಡ್ತೀನಿ."

"ಅರ್ಧ ಕೆಲಸ ಮಾಡಿ ಬಿಡೋದಾ?"

ಗಂಡ ಅವಳ ಮೊಣಕೈ ಹಿಡಿದು ಮೆತ್ತಗೆ ಜಗ್ಗಿದ. ಡಾಕ್ಟರಮ್ಮ ಬೇಸರಿಸಲಿಲ್ಲ.

"ಎಳೆದರೆ ಬರಬಹುದು. ಅದರ ಜೊತೆ ನರದ ಎಳೆಯೂ ಬರಬಹುದು. ಬಿಟ್ಟ ಚೂರು ಬೆಳೆದರೆ ವರ್ಷದ ಸ್ಕ್ಯಾನಿನಲ್ಲಿ ಗೊತ್ತಾಗುತ್ತೆ, ಇನ್ನೊಂದು ಸಲ ನೋಡಬಹುದು. ಹರಿದ ನರಕ್ಕೆ ಇನ್ನೊಂದು ಸಲ ಅನ್ನೋದಿಲ್ಲ. ಆದರೆ ಕಣ್ಣು ನಿಮ್ಮದು. ನಿಮ್ಮ ಅಭಿಪ್ರಾಯ ತಿಳಿಯದೆ ನಾನು ಕೈ ಹಾಕಲ್ಲ. ನಾಳೆ ಹೇಳಿ. ನಾಳೆಗಿಂತ ತಡ ಮಾಡಬೇಡಿ, ನರಕ್ಕೆ ಅಷ್ಟು ವ್ಯವಧಾನ ಇಲ್ಲ."

ಆ ಸಂಜೆಯೆಲ್ಲ ಅವಳಿಗೆ ಅದೇ ಯೋಚನೆ. ಉಳಿದದ್ದು ಎಂಬ ಮಾತೇ ಅವಳಿಗಾಗದು. ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಆಚೆ ನಿಂತರೂ ಊಟ ಸೇರದ ಜೀವ. ತಲೆಯೊಳಗೆ ಒಂದು ಚೂರು ಸುಣ್ಣ ಉಳಿಸಿಕೊಂಡು, ಅದು ಬೆಳೆಯುತ್ತಿದೆಯೋ ಇಲ್ಲವೋ ಎಂದು ವರ್ಷವರ್ಷ ಕಾಯುವುದು ಹೇಗೆ? ಹಾಗೆಂದು ಕಣ್ಣಂಚು ಹೋದರೆ ಕಸುಬೇ ಹೋಯಿತು.

ಗಂಡ ಬೀರುವಿನ ಮೇಲಿಂದ ಒಂದು ಬಟ್ಟೆಯ ಗಂಟು ಇಳಿಸಿ ಅವಳ ಮುಂದಿಟ್ಟ. ಒಳಗಿದ್ದುದು ಪ್ರಯೋಗಾಲಯದ ಹಳೆಯ ತಕ್ಕಡಿಯೊಂದರ ಹಿತ್ತಾಳೆಯ ಅಡ್ಡದಂಡ.

"ಮದುವೆಯಾದ ವರ್ಷ ಕೇಳಿದ್ದೆ, ಕೆಲಸಕ್ಕೆ ಬಾರದ್ದನ್ನ ಯಾಕೆ ಇಟ್ಕೊಂಡಿದೀಯ ಅಂತ. ಏನಂದೆ ನೆನಪಿದೆಯಾ?"

ನೆನಪಿತ್ತು. ಅವನಿಗೆ ಹೇಳಿದ್ದು ತನ್ನ ಇಪ್ಪತ್ತೆರಡನೇ ವರ್ಷದ ಕತೆ. ಅಡ್ಡದಂಡಕ್ಕೆ ಆಧಾರವಾಗಿ ಅದರ ನಡುವೆ ಕೂರಿಸಿದ ಕಲ್ಲಿನ ಅಲಗಿನ ಮೇಲೆ ಸಾಸಿವೆಗಿಂತ ಚಿಕ್ಕ ಕಿಲುಬು ಗಟ್ಟಿಯಾಗಿ ಕೂತಿತ್ತು. ಅಪ್ಪ, "ಅದು ಅಲಗಿನ ಬದಿಯಲ್ಲಿದೆ, ತೂಕಕ್ಕೆ ಅಡ್ಡ ಬರಲ್ಲ, ಬಿಡು" ಎಂದಿದ್ದರು. ಅಪ್ಪ ಊಟಕ್ಕೆದ್ದಾಗ ಇವಳು ಸೂಜಿಯಲ್ಲಿ ಮೀಟಿದಳು. ಕಿಲುಬು ಬಂತು. ಅದರ ಜೊತೆಗೆ ಅಲಗಿನ ಒಂದು ಚಕ್ಕೆಯೂ. ಆ ತಕ್ಕಡಿ ಮತ್ತೆಂದೂ ಸಮವಾಗಿ ನಿಲ್ಲಲಿಲ್ಲ. ಅಪ್ಪ ಬೈಯಲೂ ಇಲ್ಲ, ಅದೇ ಹೆಚ್ಚು ಉರಿದದ್ದು.

ಅವಳು ಅಲಗಿನ ಮೇಲೆ ಹೆಬ್ಬೆರಳಾಡಿಸಿದಳು. ಚಕ್ಕೆ ಹೋದ ಜಾಗ ಈಗಲೂ ಉಗುರಿಗೆ ಸಿಕ್ಕುತ್ತಿತ್ತು.

"ನೀವು ಬಲು ಜಾಣರು" ಎಂದಳು.

"ಮರ ಕೆತ್ತೋನು ಕಣೇ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲದಿದ್ರೆ ಕುರ್ಚಿ ಹೋಗಿ ಹಲ್ಲುಕಡ್ಡಿ ಆಗುತ್ತೆ."

ಮೂರು ದಿನಗಳಲ್ಲಿ ಮೊದಲ ಬಾರಿಗೆ ಅವಳು ನಕ್ಕಳು. ಬೆಳಿಗ್ಗೆ ಡಾಕ್ಟರಮ್ಮನಿಗೆ ಹೇಳಿದ್ದು ಇಷ್ಟೇ: "ಅಂಟಿದ್ದರೆ ಬಿಡಿ. ಆದರೆ ಎಷ್ಟು ಬಿಟ್ಟಿರಿ ಅಂತ ಅಳತೆ ಹೇಳಬೇಕು."

ಶಸ್ತ್ರಚಿಕಿತ್ಸೆಗೆ ಐದು ಗಂಟೆ ಹಿಡಿಯಿತೆಂದು ಆಮೇಲೆ ತಿಳಿಯಿತು. ಅವಳ ಪಾಲಿಗೆ ಅದು ಹತ್ತರಿಂದ ಹಿಂದಕ್ಕೆ ಎಣಿಸುತ್ತ ಏಳನ್ನು ಮುಟ್ಟಿದ್ದಷ್ಟೇ. ಎಚ್ಚರವಾದಾಗ ಮೂಗಿನ ತುಂಬ ಹತ್ತಿ, ಬಾಯಲ್ಲೇ ಉಸಿರು, ರೆಪ್ಪೆಗಳು ದಪ್ಪ. ಡಾಕ್ಟರಮ್ಮ ಅವಳ ಎಡಗಣ್ಣು ಮುಚ್ಚಿ, "ನನ್ನ ಮೂಗನ್ನೇ ನೋಡಿ. ಎಷ್ಟು ಬೆರಳು?" ಎಂದರು.

ಬಲದ ಕಡೆ ಏನೋ ಅಲುಗಿತು. "ಎರಡು."

"ಈಗ ಎಡಗಣ್ಣು. ಎಷ್ಟು?"

ಅವಳು ಕಾದಳು. ಡಾಕ್ಟರಮ್ಮನ ಮೂಗು, ಅದರ ಮೇಲಿನ ಕನ್ನಡಕದ ಗುರುತು ಸ್ಪಷ್ಟವಾಗಿದ್ದವು. ಎಡಗಡೆ ಏನೂ ಇರಲಿಲ್ಲ.

"ಕೈ ತೋರಿಸ್ತಿದೀರಾ?"

ಡಾಕ್ಟರಮ್ಮ ಕೈ ಕೆಳಗಿಳಿಸಿದರು. "ನರವನ್ನ ನಾನು ಎಳೆದಿಲ್ಲ. ಅಂಟಿದ್ದ ಚೂರನ್ನ ಬಿಟ್ಟಿದ್ದೀನಿ, ಎರಡೂವರೆ ಮಿಲಿಮೀಟರ್. ತಿಂಗಳುಗಟ್ಟಲೆ ನಜ್ಜಿದ ನರ ಏಳೋಕೆ ಹೊತ್ತು ಬೇಕು. ನಾಳೆ ನೋಡೋಣ."

ನಾಳೆ ನೋಡುವಷ್ಟರಲ್ಲಿ ದಾಹ ಶುರುವಾಯಿತು. ಎರಡು ಲೋಟ, ಮೂರು ಲೋಟ, ಒಂದು ಹೂಜಿ. ಕುಡಿದಷ್ಟೂ ಗಂಟಲು ಬೂದಿ. ಮೂತ್ರದ ಚೀಲ ನೋಡನೋಡುತ್ತ ತುಂಬಿತು. ಒಳಗಿದ್ದುದು ಬರೀ ನೀರಿನ ಹಾಗೆ. ನರ್ಸು ಗಂಟೆಗೊಮ್ಮೆ ಅಳೆದು ಬರೆದಳು. ಅಲುಗಾಡಿದ ಗ್ರಂಥಿ ನೀರನ್ನು ಹಿಡಿದಿಡುವ ಕೆಲಸ ಬಿಟ್ಟುಬಿಟ್ಟಿದೆ, ರಕ್ತದಲ್ಲಿ ಉಪ್ಪಿನಂಶ ಏರುತ್ತಿದೆ ಎಂದರು. ಚುಚ್ಚುಮದ್ದು ಕೊಟ್ಟರು. ಮುಳ್ಳಕ್ಕ ಹಾಸಿಗೆಯಲ್ಲೇ ಒರಗಿ, ತಾನು ಕುಡಿದ ಪ್ರತಿ ಲೋಟವನ್ನೂ ಗಂಡನ ಕೈಲಿ ಬರೆಸಿದಳು. ಆರನೇ ಗಂಟೆಗೆ ಅವಳು ನರ್ಸನ್ನು ಕರೆದಳು.

"ತಂಗೀ, ನಿಮ್ಮ ಪಟ್ಟಿಯಲ್ಲಿ ಲೋಟಕ್ಕೆ ಇನ್ನೂರು ಅಂತ ಹಾಕಿದೀರ. ಈ ಲೋಟ ಇನ್ನೂರ ಐವತ್ತು ಹಿಡಿಯುತ್ತೆ."

"ಹೇಗೆ ಹೇಳ್ತೀರಾ ಅಮ್ಮ?"

"ಕೈಗೆ ಗೊತ್ತಾಗುತ್ತೆ."

ನರ್ಸು ಅಳತೆಪಾತ್ರೆ ತಂದು ಸುರಿದು ನೋಡಿದಳು. ಇನ್ನೂರ ನಲವತ್ತೈದು. ಅವಳು ತುಟಿ ಬಿಗಿಹಿಡಿದು, ಪಟ್ಟಿಯನ್ನು ಮೇಲಿಂದ ಕೆಳಗೆ ತಿದ್ದಿದಳು. "ಐದು ತಪ್ಪಿದ್ಲು" ಎಂದು ಗಂಡ ಮೂಲೆಯಿಂದ ಗೊಣಗಿದ. ತಿದ್ದಿದ ಲೆಕ್ಕದಂತೆ ಮದ್ದಿನ ಪ್ರಮಾಣ ಬದಲಾಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗಂಟಲು ಗಂಟಲಿನಂತಾಯಿತು.

ಎಡಗಣ್ಣು ಮಾತ್ರ ಹಾಗೇ. ಎರಡನೇ ದಿನ ಇಲ್ಲ. ಮೂರನೇ ದಿನವೂ ಇಲ್ಲ. ಅವಳು ಪ್ರತಿ ಪರೀಕ್ಷೆಯಲ್ಲೂ ಕಂಡಷ್ಟನ್ನೇ ಹೇಳಿದಳು, ಊಹಿಸಲಿಲ್ಲ. ಊಹಿಸಿದರೆ ಅರ್ಧದಷ್ಟು ಸರಿಯಾಗಿಬಿಡುತ್ತದೆ, ಅದನ್ನು ನಂಬಿ ಕೂತರೆ ಕೆಟ್ಟೆ ಎಂದು ಅವಳಿಗೆ ಗೊತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಬಲಗಣ್ಣು ಮುಚ್ಚಿಕೊಂಡು ಎದುರುಗೋಡೆಯ ಗಡಿಯಾರ ನೋಡುತ್ತ ಮಲಗಿದ್ದಳು. ಗಂಡ ಎಡಬದಿಯ ಕುರ್ಚಿಯಲ್ಲಿ ಚಪ್ಪಲಿ ಕಳಚಿ ಕಾಲು ಅಲ್ಲಾಡಿಸುತ್ತಿದ್ದ.

"ರೀ, ನಿಮ್ಮ ಕಾಲುಚೀಲ ತೂತಾಗಿದೆ" ಎಂದಳು.

ಅವನು ಬಗ್ಗಿ ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ. ಅವಳ ಕಣ್ಣು ಗಡಿಯಾರದ ಮೇಲೇ ಇತ್ತು. ಅವನು ಕುರ್ಚಿ ಬೀಳಿಸಿಕೊಂಡು ಎದ್ದು, ಡಾಕ್ಟರಮ್ಮನನ್ನು ಕರೆಯಲು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದ.

ಚೂರುಗಳ ವರದಿ ವಾರದ ಮೇಲೆ ಬಂತು: ಸಾದಾ ಚೀಲ, ಗೋಡೆ ಸುಣ್ಣಗಟ್ಟಿದ್ದು. ಬೆಳೆಯುವ ಜಾತಿಯದಲ್ಲ. ಎರಡು ಬಗೆಯ ಮಾತ್ರೆ ಬಹುಶಃ ಜೀವನಪರ್ಯಂತ. ಎಡಗಣ್ಣಿನ ಮೇಲ್ಮೂಲೆಯಲ್ಲಿ ಒಂದು ತುಣುಕು ಇನ್ನೂ ಬಂದಿಲ್ಲ, ಬರುವುದೂ ಅನುಮಾನ. ಎರಡೂವರೆ ಮಿಲಿಮೀಟರ್ ಎಂಬುದನ್ನು ಮುಳ್ಳಕ್ಕ ತನ್ನ ಕೆಲಸದ ಪುಸ್ತಕದ ಕೊನೆಯ ಪುಟದಲ್ಲಿ, ತಾರೀಖಿನ ಸಮೇತ ಬರೆದಿಟ್ಟಳು.

ನಾಲ್ಕು ತಿಂಗಳ ಮೇಲೆ ಔಷಧದಂಗಡಿಗೆ ಬಂದಾಗ ಯಜಮಾನರು ಹಿಗ್ಗಿ, ತಕ್ಕಡಿಯ ಗಾಜಿನ ಮುಚ್ಚಳ ತೆಗೆಯಹೊರಟರು. ಅವಳು ತಡೆದಳು.

"ಮೊದಲು ನನ್ನನ್ನ ತೂಗಿ. ಮುಳ್ಳು ವಾಲಿ ಹೇಳಿಕೊಡದ ಹಾಗೆ ಕೀಲು ಹಾಕಿ ನಿಲ್ಲಿಸಿ. ನಾನು ಕಣ್ಣು ಮುಚ್ತೀನಿ. ಇನ್ನೂರರ ಬಿಲ್ಲೇನ ನಿಮಗೆ ತೋಚಿದ ತಟ್ಟೇಲಿಡಿ. ಹತ್ತು ಸಲ. ಒಂದು ತಪ್ಪಿದರೂ ಬೇರೆಯವರನ್ನ ಕರೆಸಿ."

"ಅಯ್ಯೋ, ನಿಮ್ಮ ಮೇಲೆ ನನಗೆ ನಂಬಿಕೆ ಇಲ್ವಾ ಅಕ್ಕ?"

"ನನಗೆ ಬೇಕಲ್ಲ."

ಅವಳು ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಮುಳ್ಳಿಗೆ ನೆಟ್ಟಳು. ಎಡ. ಬಲ. ಬಲ. ಎಡ. ಯಜಮಾನರ ಹಣೆಯಲ್ಲಿ ಬೆವರೊಡೆಯಿತು. ಒಂಬತ್ತು ಸಲವೂ ಸರಿ. ಹತ್ತನೆಯ ಸಲ ಕಣ್ಣು ತೆರೆದಳು. ಎಡತಟ್ಟೆ ಬರಿದಾಗಿ ಹೊಳೆಯುತ್ತಿತ್ತು. ಬಲತಟ್ಟೆಯೂ ಇತ್ತು, ಅದರ ಅಂಚೂ ಕಾಣುತ್ತಿತ್ತು. ಬಿಲ್ಲೆ ಇರಲಿಲ್ಲ. ಕಣ್ಣೇ ಕೈಕೊಟ್ಟಿತೋ?

ಗಡಿಯಾರ ಐದಾರು ಸಲ ಟಿಕ್ಕೆಂದಿತು.

"ಎರಡರಲ್ಲೂ ಇಲ್ಲ" ಎಂದಳು.

ಯಜಮಾನರು ಮುಷ್ಟಿ ಬಿಡಿಸಿದರು. ಬಿಲ್ಲೆ ಅಂಗೈಯಲ್ಲಿತ್ತು.

"ಮುದುಕರು ಅಂತ ಗೌರವ ಕೊಟ್ಟರೆ ಮೋಸ ಮಾಡ್ತೀರಾ?"

"ನಿಮಗೆ ನಂಬಿಕೆ ಬರಲಿ ಅಂತ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಕುಳಿತಳು. ತಿರುಪಿಗೆ ಕೈಹಾಕುವ ಮುಂಚೆ, ಅಪ್ಪ ಕಲಿಸಿದ ಕ್ರಮದಲ್ಲಿ ಇಲ್ಲದ ಒಂದು ಕೆಲಸ ಮಾಡಿದಳು. ಕಣ್ಣು ಎರಡೂ ತಟ್ಟೆಗಳನ್ನು ನೋಡಿಯಾಗಿತ್ತು. ಆದರೂ ಕುಂಚದ ತುದಿಯಿಂದ ಮೊದಲು ಬಲತಟ್ಟೆಯನ್ನು, ಆಮೇಲೆ ಎಡತಟ್ಟೆಯನ್ನು ಪೂರ್ತಿ ಸವರಿದಳು. ಉಸಿರು ಬಿಗಿಹಿಡಿದು, ಮುಳ್ಳಿನ ಕೀಲು ಬಿಟ್ಟಳು.